ಮೂರು ಬಿಸಿಲಿನ ಸಂಡಿಗೆ

ನಮ್ಮವ್ವ ಸಂಡಿಗೆಯನ್ನು ಬಿಸಿಲಿನಲ್ಲಿ ಅಳೆಯುತ್ತಿದ್ದಳು. ಅಕ್ಕಿಹಿಟ್ಟಿನ ಸಂಡಿಗೆಗೆ ಮೂರು ಬಿಸಿಲು, ಅಂದರೆ ಮಾಳಿಗೆಯ ಮೇಲೆ ಮೂರು ಹಗಲು. ಕಮ್ಮಿಯಾದರೆ ಬೂಷ್ಟು ಹಿಡಿಯುತ್ತದೆ. ಅವ್ವ ಹೋದ ಮೇಲೆ ಹರಿಹರದಲ್ಲಿ ಅಕ್ಕ, ದಾವಣಗೆರೆಯಲ್ಲಿ ನಾನು ಅದನ್ನೇ ಪಾಲಿಸಿದೆವು. ಪ್ರತಿ ಬೇಸಿಗೆ ನನ್ನ ಸ್ಟೀಲ್ ಡಬ್ಬಿ ನನ್ನ ಸಂಡಿಗೆ ತುಂಬಿಕೊಂಡು ಹರಿಹರಕ್ಕೆ ಹೋಗಿ, ಅಕ್ಕನ ಸಂಡಿಗೆ ತುಂಬಿಕೊಂಡು ವಾಪಸ್ ಬರುತ್ತಿತ್ತು. ಅದೇ ಹಿಟ್ಟು, ಅದೇ ಜೀರಿಗೆ. ಆದರೂ ಅದಲುಬದಲಾಗದಿದ್ದರೆ ಬೇಸಿಗೆ ಬಂದಂತೆಯೇ ಅನ್ನಿಸುತ್ತಿರಲಿಲ್ಲ. ಒಂಟಿಯಾಗಿರುವ ನನಗೆ ಬಳಗ ಅಂತ ಇದ್ದದ್ದು ಅಷ್ಟೇ.

ಕೆಲವು ವರ್ಷಗಳಿಂದ ನನ್ನ ಸಂಡಿಗೆ ಸೀಳತೊಡಗಿದವು. ಡಬ್ಬಿಗೆ ತುಂಬುವಾಗಲೇ ಪುಡಿಪುಡಿ. ಅಕ್ಕಿ ಬದಲಿಸಿದೆ, ಗಿರಣಿ ಬದಲಿಸಿದೆ, ಹಳೇ ಗಿರಣಿಯವನ ಜೊತೆ ಜಗಳವನ್ನೂ ಆಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನವು ಮಾತ್ರ ಅವ್ವನ ಕಾಲದಲ್ಲಿದ್ದಂತೆ ದುಂಡಗೆ, ಗಟ್ಟಿಯಾಗಿ ಇರುತ್ತಿದ್ದವು. ಅವಳು ಏನನ್ನೋ ಮುಚ್ಚಿಟ್ಟಿದ್ದಾಳೆ ಎಂಬುದು ನನ್ನ ತಲೆ ಹೊಕ್ಕಿತು. ಒಂದು ಬೇಸಿಗೆ ಡಬ್ಬಿಗೆ ಬರೀ ಪುಡಿಯನ್ನೇ ತುಂಬಿ ಕಳಿಸಿ, ಫೋನ್ ಮಾಡಿದೆ.

“ಅವ್ವ ನಿನಗೊಬ್ಬಳಿಗೇ ಏನೋ ಹೇಳಿಕೊಟ್ಟಾಳ. ನನಗೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತೈತೆ?”

“ಮೂರು ಬಿಸಿಲು. ಬ್ಯಾರೆ ಏನೂ ಇಲ್ಲ,” ಅಂದಳು ಅಕ್ಕ.

“ಸುಳ್ಳು ಹೇಳಬ್ಯಾಡ,” ಎಂದು ಫೋನ್ ಇಟ್ಟೆ. ಎರಡು ವರ್ಷ ನಾವು ಮಾತಾಡಲಿಲ್ಲ. ಡಬ್ಬಿ ಹರಿಹರದಲ್ಲೇ ಉಳಿಯಿತು.

ಹೋದ ಬೇಸಿಗೆಯಲ್ಲಿ ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹರಿಹರಕ್ಕೆ ಹೋದವಳು, ಮನಸ್ಸು ತಡೆಯದೆ ಅಕ್ಕನ ಮನೆಗೂ ಹೋದೆ. ಅವಳು ಮೇಲೆ ಸಂಡಿಗೆ ಮಗುಚುತ್ತಿದ್ದಳು. ಚಪ್ಪಲಿ ಕೆಳಗೆ ಬಿಟ್ಟು ಹತ್ತಿದೆ. ಅರ್ಧ ಮಾಳಿಗೆ ದಾಟಿದ ಮೇಲೆ ಗೊತ್ತಾಯಿತು, ಸುಡು ಮಧ್ಯಾಹ್ನದಲ್ಲಿ ನಾನು ಬರಿಗಾಲಲ್ಲಿ ನಡೆಯುತ್ತಿದ್ದೆ. ಕಾಲು ಚುರುಗುಟ್ಟುತ್ತಿತ್ತು, ಆದರೆ ನಡೆಯಬಹುದಿತ್ತು. ನನ್ನ ಮಾಳಿಗೆಯ ಮೇಲಾದರೆ ಬೊಬ್ಬೆ ಎದ್ದಿರುತ್ತಿದ್ದವು. ರಸ್ತೆ ಅಗಲ ಮಾಡುವಾಗ ನಮ್ಮ ಓಣಿಯ ಬೇವಿನ ಮರಗಳು ಹೋದವು, ಸುತ್ತ ನಾಲ್ಕಂತಸ್ತಿನ ಗೋಡೆಗಳು ಎದ್ದು ಗಾಳಿ ನಿಂತಿತು. ಅಕ್ಕನದು ಹಳೇ ಗಾರೆಯ ಮಾಳಿಗೆ, ಹೊಳೆ ಕಡೆಯಿಂದ ಗಾಳಿ ಬರುತ್ತದೆ, ಆಚೆಗೆ ಭತ್ತದ ಗದ್ದೆ. ಸೆಕೆ ಅಲ್ಲಿಯೂ ಏರಿದೆ. ನಮ್ಮಲ್ಲಿ ಓಡೋಡಿ ಏರಿದೆ. ಭೂಮಿ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ ಎಂದು ಪೇಪರಿನಲ್ಲಿ ಓದಿದ್ದೆ, ಅದು ಹಿಮದ ನಾಡಿನವರ ಮಾತು ಅಂದುಕೊಂಡಿದ್ದೆ. ಅರ್ಧ ತಾಸಿನ ಬಸ್ಸಿನ ದೂರಕ್ಕೂ ಅದು ನಿಜ ಎಂದು ನನ್ನ ಅಂಗಾಲು ಹೇಳಬೇಕಾಯಿತು.

“ನಮ್ಮ ಬಿಸಿಲು ನಿಮ್ಮ ಬಿಸಿಲಿನಂಗೆ ಉಳಿದಿಲ್ಲ ಅಕ್ಕ. ಮೂರು ಬಿಸಿಲು ಕಾಯಿಸಿದ್ರೆ ಅತಿಯಾಗಿ ಒಣಗಿ ಸೀಳ್ತಾವು. ನನ್ನದೇ ತಪ್ಪಾತು,” ಅಂದೆ.

ಅಕ್ಕ ಮಗುಚುವುದನ್ನು ನಿಲ್ಲಿಸಲಿಲ್ಲ. “ನಮ್ಮಲ್ಲೂ ಈ ವರ್ಷ ಮೂರನೇ ದಿನ ಮಧ್ಯಾಹ್ನಕ್ಕೇ ತೆಗೀಬೇಕಾಗೈತೆ. ನಡಿ, ಉಣ್ಣುವಂತೆ,” ಅಂದಳು.

ಉಂಡೆವು. ಹೊರಡುವಾಗ ನನ್ನ ಡಬ್ಬಿ ತಂದು ಕೈಗಿಟ್ಟಳು. ಹಗುರ ಇತ್ತು. ಬಸ್ಸಿನಲ್ಲಿ ಮುಚ್ಚಳ ತೆಗೆದೆ. ತಳದಲ್ಲಿ ಒಂದು ಹಿಡಿ ಸಕ್ಕರೆ. ಖಾಲಿ ಪಾತ್ರೆ ತಿರುಗಿಸಿ ಕೊಡಬಾರದೆಂದು ಪಕ್ಕದ ಮನೆಯವರಿಗೆ ನಾವು ಹಾಕಿ ಕೊಡುತ್ತೇವಲ್ಲ, ಆ ಸಕ್ಕರೆ. ಅಕ್ಕನ ಮಾಳಿಗೆಯ ತುಂಬ ಸಂಡಿಗೆ ಇದ್ದವು, ನನ್ನ ಡಬ್ಬಿಗೆ ಒಂದನ್ನೂ ಹಾಕಿರಲಿಲ್ಲ. ದಾವಣಗೆರೆ ಬರುವವರೆಗೂ ಕಿಟಕಿಗೆ ಮುಖ ಮಾಡಿ ಅತ್ತೆ.

ಈ ಬೇಸಿಗೆ ಒಂದೇ ಬಿಸಿಲು ಕಾಣಿಸಿ, ಆಮೇಲೆ ನೆರಳಿನಲ್ಲಿ ಆರಿಸಿದೆ. ಒಂದೂ ಸೀಳಲಿಲ್ಲ. ಡಬ್ಬಿ ತುಂಬಿ ಬಾಗಿಲ ಹತ್ತಿರ ಇಟ್ಟು ವಾರವಾಯಿತು. ಹರಿಹರದ ಬಸ್ಸಿಗೇನೂ ಬರವಿಲ್ಲ. ತೆಗೆದುಕೊಂಡು ಹೋದರೆ ಅಕ್ಕ ಬೇಡ ಅನ್ನುವುದಿಲ್ಲ, ಅದು ಗೊತ್ತು. ಡಬ್ಬಿಗೆ ಮತ್ತೆ ಸಕ್ಕರೆ ಹಾಕಿ ಕೊಟ್ಟರೆ ಏನು ಮಾಡಲಿ ಎಂದು ಇನ್ನೂ ಹೋಗಿಲ್ಲ.