ಹನ್ನೆರಡು ಕೊಡದ ಲೆಕ್ಕ

ತೊಂಬತ್ತರ ದಶಕ, ನನ್ನ ಮೊದಲ ಪಿಯುಸಿ. ಫಿಸಿಕ್ಸ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದೆ. ವೇಗ ಕ್ಷಣಕ್ಷಣಕ್ಕೂ ಬದಲಾಗುವ ಲೆಕ್ಕ ಕೊಟ್ಟರೂ ಮೊದಲಿನ ವೇಗವನ್ನೇ ಸಮಯದಿಂದ ಗುಣಿಸಿಬಿಡುತ್ತಿದ್ದೆ. ‘ಇಂಟಿಗ್ರೇಟ್ ಮಾಡು’ ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದದ್ದು ತಲೆಗೇ ಹತ್ತಿರಲಿಲ್ಲ. ಕಾಮರ್ಸ್‌ಗೆ ಬದಲಾಯಿಸಿಕೊಡಿ ಎಂಬ ಅರ್ಜಿಗೆ ಸಹಿ ಹಾಕಿಟ್ಟು ಅಪ್ಪ ಕಲಾಸಿಪಾಳ್ಯದ ತರಕಾರಿ ಮಂಡಿಗೆ ಹೋಗಿದ್ದರು. ಅವತ್ತೇ ಅದನ್ನು ಮೇಷ್ಟ್ರಿಗೆ ಕೊಡಬೇಕಿತ್ತು. ನನಗೋ ಫಿಸಿಕ್ಸ್ ಬಿಡುವ ಮನಸ್ಸಿಲ್ಲ.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ನಲ್ಲಿ. ಸರದಿ ಬಂದವರು ಎಷ್ಟು ನಿಮಿಷ ಬೇಕೆಂದು ಮೊದಲೇ ಹೇಳಬೇಕು. ಆಮೇಲೆ ಅರ್ಧ ನಿಮಿಷವೂ ಹೆಚ್ಚಿಲ್ಲ. ಗಡಿಯಾರ ಮೂಲೆಮನೆ ಆಂಟಿಯ ಕೈಯಲ್ಲಿ. ಅಂದು ಬೆಳಿಗ್ಗೆ ನನ್ನ ಮೊದಲ ಕೊಡ ಒಂದೇ ನಿಮಿಷಕ್ಕೆ ತುಂಬಿತು.

“ನಮಗೆ ಹನ್ನೆರಡು ಕೊಡ ಬೇಕು. ಹನ್ನೆರಡು ನಿಮಿಷ ಸಾಕು ಆಂಟಿ!” ಎಂದೆ, ಜಂಭದಿಂದ.

ನೀರು ಸಣ್ಣಗಾಗುತ್ತಾ ಹೋಯಿತು. ಎಂಟನೆಯ ಕೊಡ ತುಂಬುವಷ್ಟರಲ್ಲಿ ಆಂಟಿ ಕೂಗಿದರು: “ಟೈಮ್ ಆಯ್ತು, ತೆಗಿಯೇ ಕೊಡ! ಸೈನ್ಸ್ ಓದೋಳು, ಇಷ್ಟು ಲೆಕ್ಕ ಬರಲ್ವಾ?”

ಕೊಡ ಸೊಂಟಕ್ಕೇರಿಸಿದವಳು ಅಲ್ಲೇ ನಿಂತುಬಿಟ್ಟೆ. ಟೆಸ್ಟಿನಲ್ಲಿ ಮಾಡಿದ್ದೂ ಇದೇ ತಪ್ಪಲ್ಲವೇ! ಮೊದಲ ನಿಮಿಷದ ರಭಸ ಕೊನೆಯವರೆಗೂ ಇರುತ್ತದೆಂದು ನಂಬಿದ್ದೆ. ಪ್ರತಿ ನಿಮಿಷದ ನೀರನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕಿತ್ತು.

ಒಳಗೆ ಓಡಿ, ಒದ್ದೆ ಕೈಗೆ ಸಿಕ್ಕ ಹಾಳೆಯ ಖಾಲಿ ಬದಿಯಲ್ಲಿ ನಿಮಿಷಕ್ಕೊಂದು ಪಟ್ಟಿ ಎಳೆದೆ, ಆ ನಿಮಿಷ ಬಂದ ನೀರಿನಷ್ಟೇ ಎತ್ತರಕ್ಕೆ. ಮೊದಲನೆಯದು ಎತ್ತರ, ಮುಂದಿನವು ಗಿಡ್ಡ, ಇನ್ನೂ ಗಿಡ್ಡ. ನಿಮಿಷವನ್ನು ಸೆಕೆಂಡಿಗೆ ಸೀಳಿದರೆ? ಇನ್ನೂ ಸಣ್ಣಗೆ ಸೀಳಿದರೆ? ಪಟ್ಟಿಗಳ ಮೆಟ್ಟಿಲು ಕರಗಿ ನುಣುಪಾದ ಗೆರೆಯಾಯಿತು. ಗೆರೆಯ ಕೆಳಗಿನ ಜಾಗವಷ್ಟೂ ನಮ್ಮ ಮನೆಯ ನೀರು! ವೇಗದ ಗೆರೆಯಾದರೆ, ಕೆಳಗಿರುವುದು ಸಾಗಿದ ದೂರ!

“ಅಮ್ಮಾ, ಬಂತು! ಇಂಟಿಗ್ರೇಷನ್ ಬಂತು!”

“ಬಂದಿದ್ದು ಎಂಟೇ ಕೊಡ. ಬಟ್ಟೆ ಒಗೆಯೋಕೆ ನಿನ್ನ ಇಂಟಿಗ್ರೇಷನ್ನೇ ಹಾಕ್ಲಾ?” ಎಂದವರು ಹಾಳೆ ನೋಡಿ ಹಣೆ ಚಚ್ಚಿಕೊಂಡರು. “ಅಯ್ಯೋ, ಇದು ನಿಮ್ಮಪ್ಪ ಸೈನ್ ಹಾಕಿರೋ ಅರ್ಜಿ ಕಣೇ!”

ಅದೇ ಒದ್ದೆ ಹಾಳೆಯನ್ನು ಕಾಲೇಜಿಗೆ ಒಯ್ದೆ. ಮೇಷ್ಟ್ರು ಮುಂಬದಿಯ ಅರ್ಜಿ ಓದಿದರು, ಹಾಳೆ ತಿರುಗಿಸಿದರು, ಪಟ್ಟಿಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ನೋಡಿದರು.

“ಯಾವ ಕಡೆದು ತಗೊಳ್ಳಲಮ್ಮಾ?”

“ಹಿಂದಗಡೆದು, ಸಾರ್.”