ಅಜ್ಜ ಕುಳಿತರು, ನಾನು ನೀರು ಬಿಟ್ಟೆ

ಸಮಸ್ತ ಸ್ನೇಹಿತವರ್ಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ದಾಸನಕೊಪ್ಪದ ನಮ್ಮ ಅಜ್ಜ ಕಳೆದ ತಿಂಗಳು ಇಡೀ ಒಂದು ಹಗಲು ಕುರ್ಚಿಯ ಮೇಲೆ ಕುಳಿತಿದ್ದರು.

ಇದರ ಮಹತ್ವ ಎಲ್ಲರಿಗೂ ಕೂಡಲೇ ಹೊಳೆಯಲಿಕ್ಕಿಲ್ಲ. ಎಪ್ಪತ್ತೈದು ದಾಟಿದ ಈ ಮನುಷ್ಯ ಊಟಕ್ಕೂ ಪೂರ್ತಿ ಕೂರುವುದಿಲ್ಲ. ಬೆಳಕು ಹರಿಯುವಾಗ ಗದ್ದೆ, ಏಳಕ್ಕೆ ಊರಿಗೆ ನೀರು ಬಿಡುವುದು, ಆಮೇಲೆ ಯಾರದೋ ಪಿಂಚಣಿ ಅರ್ಜಿ ಹಿಡಿದು ಶಿರಸಿ ಬಸ್ಸು.

ಕೂರಿಸಿದ್ದು ನಾವಲ್ಲ, ಕಣ್ಣಿನ ಡಾಕ್ಟರು. ಬಲಗಣ್ಣಿನ ಪೊರೆ ತೆಗೆದು, ಕಪ್ಪು ಕನ್ನಡಕ ಏರಿಸಿ, ಸದ್ಯಕ್ಕೆ ಬಗ್ಗಬಾರದು, ಭಾರ ಎತ್ತಬಾರದು ಎಂದರು. ಎಡಗಣ್ಣಿನದೂ ಬಲಿತಿದೆ, ತಡ ಮಾಡದೆ ಬನ್ನಿ ಎಂದರು.

ಅಜ್ಜ ಮನೆ ಮುಟ್ಟುವಷ್ಟರಲ್ಲಿ ತೀರ್ಪು ಬರೆದಾಗಿತ್ತು. "ಒಂದು ಕಣ್ಣು ಸಾಕು. ನಾ ಏನ್ ಎರಡು ಊರು ನೋಡಬೇಕಾಗೈತಿ?"

ನಿಜವಾದ ಕಾರಣ ಮನೆಯವರಿಗೆಲ್ಲ ಗೊತ್ತು. ಮತ್ತೆ ಹದಿನೈದು ದಿನ ಕುಳಿತರೆ ಊರಿಗೆ ನೀರು ಬಿಡುವವರು ಯಾರು?

ಇದು ಅವರಿಗೆ ಯಾರೂ ಕೊಟ್ಟ ನೌಕರಿಯಲ್ಲ. ಹಿಂದೆ ನೀರು ಬಿಡುತ್ತಿದ್ದವರು ಮಗಳ ಮನೆಗೆ ಹೋಗುವಾಗ, ಒಂದು ವಾರ ನಾನು ನೋಡಿಕೊಳ್ಳುತ್ತೇನೆ ಎಂದು ಅಜ್ಜ ಒಪ್ಪಿಕೊಂಡಿದ್ದರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಆ ವಾರ ಇನ್ನೂ ಮುಗಿದಿಲ್ಲ.

ಎಡಗಣ್ಣು ಉಳಿಸುವ ಹೊಣೆ ಹೀಗೆ ನನ್ನ ಹೆಗಲಿಗೆ ಬಿತ್ತು. ನಾನು ನೀರು ಬಿಟ್ಟು ತೋರಿಸಿದರೆ ಅಜ್ಜ ಒಪ್ಪಿಯಾರು, ಇಲ್ಲದಿದ್ದರೆ ಇಲ್ಲ.

ನನ್ನದು ಜೆರಾಕ್ಸ್ ಅಂಗಡಿ. ಶಿಸ್ತು, ವ್ಯವಸ್ಥೆ, ಲ್ಯಾಮಿನೇಷನ್ ಇವು ನನ್ನ ರಕ್ತದಲ್ಲೇ ಇವೆ. ಇರುವುದು ಒಂದು ಟ್ಯಾಂಕು, ಮೂರು ಓಣಿ, ಮೂರು ವಾಲ್ವು. ಓಣಿಗೆ ಇಪ್ಪತ್ತು ನಿಮಿಷದಂತೆ ಟೈಮ್ ಟೇಬಲ್ ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿ ಮನೆಯ ಗೋಡೆಗೆ ಅಂಟಿಸಿದೆ. ಟ್ಯಾಂಕಿಗೆ ಹತ್ತಿರ ನಮ್ಮ ಓಣಿ, ಹಾಗಾಗಿ ಮೊದಲು ನಮ್ಮದು. ನಂತರ ನಡುವಿನ ಓಣಿ, ಕೊನೆಗೆ ದಿಬ್ಬದ ಮೇಲಿನ ಓಣಿ. ಇದಕ್ಕಿಂತ ನ್ಯಾಯ ಬೇರೆ ಉಂಟೆ?

ಮೊದಲ ದಿನವೇ ನಮ್ಮ ನಲ್ಲಿಯಲ್ಲಿ ನೀರು ಭೋರೆಂದು ಬಂತು. ಇಪ್ಪತ್ತು ವರ್ಷ ದಾರದಂಥ ನೀರು ಹಿಡಿದ ಅಜ್ಜಿ ನಲ್ಲಿ ಮುಚ್ಚಿ ಮತ್ತೊಮ್ಮೆ ತೆರೆದು ನೋಡಿದರು. ಆಮೇಲೆ ಡ್ರಮ್ಮು, ಹಂಡೆ, ಕೊಡ ಎಲ್ಲ ತುಂಬಿಸಿ, ಹೊದೆಯುವ ಕೌದಿಗಳನ್ನೆಲ್ಲ ಎಳೆದು ತಂದು ತೊಳೆಯಲು ಕೂತರು.

ಮೂರೂ ಓಣಿಯ ಸರದಿ ಮುಗಿಸಿ ನಾನು ಗೋಡೆಯ ಹಾಳೆಯನ್ನು ಹೆಮ್ಮೆಯಿಂದ ಓದುತ್ತಾ ನಿಂತಿದ್ದೇನೆ... ಮೇಲಿನ ಓಣಿಯ ಕಲ್ಲವ್ವ ಖಾಲಿ ಕೊಡ ಹಿಡಿದು ಅಂಗಳಕ್ಕೆ, ನನ್ನೆದುರಿಗೇ ಬಂದರು. ಹೆರಿಗೆಗೆ ಬಂದ ಅವರ ಮಗಳಿಗೆ ಕೂಸು ಹುಟ್ಟಿ ಹನ್ನೆರಡು ದಿನವಾಗಿದೆ.

"ಏನವಾ ತಂಗಿ, ನಿಮ್ಮನಿ ಕೌದಿ ತೊಳದು ಮುಗೀತೇನು? ಕೂಸಿಗೆ ಎಣ್ಣಿ ಹಚ್ಚಿ ಮಲಗಿಸಿ ಬಂದೀನಿ. ಹಂಡ್ಯಾಗ ಒಂದು ತಂಬಿಗಿ ನೀರಿಲ್ಲ."

ಒಳಗೆ ಕುರ್ಚಿ ಕಿರ್ ಎಂದಿತು. ಅಜ್ಜ ಕಪ್ಪು ಕನ್ನಡಕದಲ್ಲೇ ಎದ್ದು, ಹೆಗಲಿಗೆ ಟವೆಲ್ ಹಾಕಿ, ಬಾಗಿಲಿಗೆ ಬಂದಾಗಿತ್ತು. ಇನ್ನು ಹತ್ತು ಹೆಜ್ಜೆ ನಡೆದರೆ ವಾಲ್ವಿನ ಗುಂಡಿ. ಅಲ್ಲಿ ಮುಚ್ಚಿದ ಕಲ್ಲು ಎತ್ತುವುದು, ಬಗ್ಗುವುದು... ಎಡಗಣ್ಣಿನ ಮಾತು ಹಾಗಿರಲಿ, ಬಲಗಣ್ಣೂ ಹೋಯಿತು ಎಂದುಕೊಂಡೆ.

ಅಜ್ಜಿ ಒದ್ದೆ ಕೈಯಲ್ಲೇ ಬಂದು ಹೊಸ್ತಿಲಿಗೆ ಅಡ್ಡ ನಿಂತರು. "ನೀ ಕುಂದ್ರು" ಎಂದರು ಅಜ್ಜನಿಗೆ. ಆಮೇಲೆ ತಾವು ತುಂಬಿಸಿದ ಎರಡು ಕೊಡ ತಂದು ನನ್ನ ಕೈಗಿಟ್ಟರು.

ದಿಬ್ಬ ಎಷ್ಟು ಎತ್ತರ ಎಂಬುದು ಅವತ್ತು ನನ್ನ ಮಂಡಿಗೆ ತಿಳಿಯಿತು. ನಾಲ್ಕು ಸಲ ಹತ್ತಿದೆ. ಕೂಸಿನ ಸ್ನಾನವಾಯಿತು. ಬಿಸಿನೀರು ಬೀಳುವಾಗ ಅದು ಅತ್ತ ಅಬ್ಬರ ನನಗೇ ಬೈದಂತಿತ್ತು.

ಮನೆಗೆ ಬಂದರೆ ಅಜ್ಜ ಗೋಡೆಯ ಹಾಳೆಗೆ ಬಲಗಣ್ಣು ಹತ್ತಿರ ಹಿಡಿದು ಪೂರ್ತಿ ಓದುತ್ತಿದ್ದಾರೆ.

"ಅಕ್ಷರ ಚಂದ ಬಂದಾವ" ಎಂದರು. ಆಮೇಲೆ, "ಟಾಕಿ ತುಂಬಿದ್ದಾಗ ನೀರಿಗೆ ಜೋರು ಇರ್ತೈತಿ. ಆವಾಗ ಮ್ಯಾಲಿನ ಓಣಿಗೆ ಬಿಡಬೇಕು. ನಮಗ ಕಡೀಕ. ಉಳಿದದ್ದು ತಾನ ಇಳಕೊಂಡು ಬರತೈತಿ."

ಬೈಗುಳ ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ನನ್ನನ್ನೂ ತಿರುಗಾಟಕ್ಕೆ ಕರೆದುಕೊಂಡು ಹೋದರು. ನಡೆಯುವುದಕ್ಕೆ ಡಾಕ್ಟರ ಅಡ್ಡಿ ಇರಲಿಲ್ಲ. ಈ ತಿರುಗಾಟವನ್ನು ನಮ್ಮ ಮನೆಯಲ್ಲಿ ಇಷ್ಟು ವರ್ಷ ಹರಟೆ ಎಂದು ಕರೆಯಲಾಗಿತ್ತು. ಅಜ್ಜಿ ಅದಕ್ಕೆ ಇನ್ನೂ ಖಾರದ ಹೆಸರುಗಳನ್ನಿಟ್ಟಿದ್ದರು.

ಅಜ್ಜ ಎಲ್ಲಿಯೂ ನೀರಿನ ಮಾತೆತ್ತಲಿಲ್ಲ. ಪ್ರತಿ ಮನೆಯ ಮುಂದೆ ನಿಂತು ಸುಣ್ಣ ಕೇಳಿದರು, ಎಮ್ಮೆ ವಿಚಾರಿಸಿದರು. ಕಣ್ಣು ಮಾತ್ರ ಬಾಗಿಲ ಮುಂದಿನ ಚಪ್ಪಲಿಗಳ ಮೇಲೆ.

ಅಜ್ಜ ಚಪ್ಪಲಿ ಎಣಿಸುತ್ತಿದ್ದರು ಕಣ್ರೀ! ಒಂದು ಮನೆಯೆದುರು ಆರು ಜೊತೆ ಹೆಚ್ಚಿತ್ತು, ಹೆಣ್ಣು ನೋಡಲು ಬಂದವರು, ರಾತ್ರಿ ಉಳಿಯುತ್ತಾರೆ. ನಾಳೆ ಆ ಓಣಿಗೆ ಹತ್ತು ನಿಮಿಷ ಹೆಚ್ಚು. ಇನ್ನೊಂದು ಓಣಿಯ ಎರಡು ಮನೆಗೆ ಬೀಗ, ಬನವಾಸಿಯ ಮದುವೆಗೆ ಹೋಗಿದ್ದಾರೆ. ಅಲ್ಲಿ ಹತ್ತು ಕಡಿಮೆ. ಇದ್ಯಾವುದೂ ಲ್ಯಾಮಿನೇಟ್ ಆಗುವ ಲೆಕ್ಕವಲ್ಲ.

ಈಗ ನಾನೂ ಎಣಿಸುತ್ತೇನೆ. ಜನ ನನ್ನನ್ನು ಅನುಮಾನದಿಂದ ನೋಡುತ್ತಾರೆ, ಅದು ಬೇರೆ ವಿಷಯ. ನಮ್ಮ ನಲ್ಲಿಯಲ್ಲಿ ಮತ್ತೆ ದಾರದಂಥ ನೀರು. ಅಜ್ಜಿಯ ಬೈಗುಳಕ್ಕೆ ವಿಳಾಸ ಮಾತ್ರ ಬದಲಾಗಿದೆ.

ಮೂರು ವಾರ ಕಳೆಯಿತು. ಮೇಲಿನ ಓಣಿಯಿಂದ ಯಾರೂ ಖಾಲಿ ಕೊಡ ತರಲಿಲ್ಲ. ಡಾಕ್ಟರು ಹೇಳಿದ ದಿನ ಮುಗಿದರೂ ಅಜ್ಜ ಗುಂಡಿಯ ಕಡೆ ಬರಲಿಲ್ಲ, ಹೇಗೆ ನಡೆದಿದೆ ಎಂದು ಕೇಳಲೂ ಇಲ್ಲ.

ನಿನ್ನೆ ಚಹಾ ಕುಡಿಯುತ್ತಾ, ಗೋಡೆ ನೋಡಿಕೊಂಡು ಕೇಳಿದರು. "ಆ ಇನ್ನೊಂದು ಕಣ್ಣಿಂದು ಯಾವಾಗ ಅಂದಿದ್ರು ಡಾಕ್ಟ್ರು?"

ಸೋಮವಾರಕ್ಕೆ ನಿಗದಿಯಾಗಿದೆ. ಆದ್ದರಿಂದ ಒಂದು ಸಣ್ಣ ಉಪಕಾರ... ಅವತ್ತು ಬೆಳಿಗ್ಗೆ ದಾಸನಕೊಪ್ಪದಿಂದ ಶಿರಸಿಗೆ ಯಾರಾದರೂ ಕಾರಿನಲ್ಲಿ ಹೊರಡುವವರಿದ್ದರೆ ತಿಳಿಸಿ. ಅಜ್ಜನಿಗೂ ಅಜ್ಜಿಗೂ ಎರಡು ಸೀಟು ಸಾಕು. ನಾನು ಬರುವ ಹಾಗಿಲ್ಲ, ಏಳಕ್ಕೆ ನೀರು ಬಿಡಬೇಕು.