ಲೋಬಾನದ ಮರೆಯಲ್ಲಿ

ಹೋದ ವರ್ಷದ ಶ್ರಾವಣ. ನನಗೆ ಎಪ್ಪತ್ತೊಂದು ತುಂಬಿತ್ತು. ಮಸ್ಕಿಯ ನಮ್ಮ ಓಣಿಯವರಿಗೆ ನಾನು ರಿಟೈರ್ಡ್ ಇಂಗ್ಲಿಷ್ ಟೀಚರ್. ಹಣೆ ತುಂಬ ವಿಭೂತಿ, ಸಂಜೆಯಾದರೆ ಮನೆ ತುಂಬ ಲೋಬಾನದ ಹೊಗೆ. ಆ ಲೋಬಾನ ದೇವರಿಗಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಕೋಟಿನ ಜೇಬಿನಲ್ಲಿ ಅರ್ಧ ಪ್ಯಾಕೆಟ್ ಸಿಗರೇಟ್ ಸಿಕ್ಕಿತು. ಅವರ ವಾಸನೆಗಾಗಿ ಒಂದನ್ನು ಹಚ್ಚಿದೆ. ಜಸ್ಟ್ ಒನ್, ಅಂದುಕೊಂಡೆ. ಆರು ವರ್ಷ ಬಿಡಲಾಗಲಿಲ್ಲ. ಮಸ್ಕಿಯಲ್ಲಿ ಎಲ್ಲರೂ ಗುರುತಿನವರು. ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ, ಅಳಿಯನಿಗೆ ಎಂದು ಸುಳ್ಳು ಹೇಳಿ ತರುತ್ತಿದ್ದೆ. ದೇವರ ಕೋಣೆಯಲ್ಲೇ ಸೇದಿ, ಮೇಲೆ ಲೋಬಾನ ಹಾಕುತ್ತಿದ್ದೆ.

ಪಕ್ಕದ ಮನೆಯ ರೇಣುಕಾಳ ಮಗುವಿಗೆ ಆಗ ಐದು ತಿಂಗಳು. ನಮ್ಮ ಕಡೆ ಕೂಸಿಗೆ ನೀರು ಎರೆದ ಮೇಲೆ ಲೋಬಾನದ ಹೊಗೆ ಹಿಡಿಯುವ ರೂಢಿ ಇದೆ. ಒಂದು ಸಂಜೆ ಅವಳು ಕೂಸನ್ನು ಎತ್ತಿಕೊಂಡು ಬಂದಳು. "ಅಮ್ಮಾರ, ಇದಕ್ಕ ಕೆಮ್ಮು ಹತ್ತೈತಿ. ನಿಮ್ಮ ಪೂಜಾದ ಹೊಗಿ ಒಂದೀಟು ತಾಗಸ್ರಿ" ಎಂದಳು. ಬೇಡವೆಂದರೆ ಯಾಕೆ ಎಂದು ಕೇಳುತ್ತಾಳಲ್ಲ. ಆ ಕೋಣೆಗೇ ಒಯ್ದೆ. ವಾರವೆಲ್ಲ ಒಯ್ದೆ. ಆಮೇಲೆ ಒಂದು ಬೆಳಿಗ್ಗೆ ಕೂಸಿನ ಎದೆ ಗೊರಗೊರ ಎನ್ನತೊಡಗಿತು.

ರೇಣುಕಾಳ ಗಂಡ ವೀರೇಶನ ಆಟೋದಲ್ಲೇ ಸಿಂಧನೂರಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಡಾಕ್ಟರ್ ಕೂಸಿಗೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಹೊದಿಸಿದ್ದ ಕೌದಿಯನ್ನು ಮೂಸಿ ನೋಡಿ, ಮನೆಯಲ್ಲಿ ಸಿಗರೇಟ್ ಯಾರು ಸೇದುತ್ತೀರಿ ಎಂದು ಕೇಳಿದರು.

ರೇಣುಕಾ ಗಂಡನ ಕಡೆ ತಿರುಗಿದಳು. "ಸ್ಟ್ಯಾಂಡಿನ್ಯಾಗ ಸೇದಿ ಬಾಯಾಗ ಏಲಕ್ಕಿ ಹಾಕ್ಕೊಂಡು ಬರ್ತೀ ಏನ್?"

"ನಾ ಅಡಕಿ ಸೈತ ಮುಟ್ಟಂಗಿಲ್ಲ. ಬೇಕಾದ್ರ ಅಮ್ಮಾರನ್ನ ಕೇಳು. ಅವರು ಸುಳ್ಳು ಹೇಳಂಗಿಲ್ಲ."

ಇಬ್ಬರೂ ನನ್ನನ್ನೇ ನೋಡಿದರು. ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳಲು ಕನ್ಫೆಷನ್‌ಗೆ ಹೋದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು, ಸದ್ಯ ನನಗೆ ಇದಿಲ್ಲ ಎಂದುಕೊಳ್ಳುತ್ತಿದ್ದೆ. "ಅವನಲ್ಲವ್ವ, ನಾನು" ಎಂದೆ. ರೇಣುಕಾ ನನ್ನ ಪಕ್ಕದಿಂದ ಎದ್ದು ಆಚೆ ಕುರ್ಚಿಗೆ ಹೋದಳು.

ಡಾಕ್ಟರ್ ಮಾತ್ರ ಬೈಯಲಿಲ್ಲ. ಕೂಸಿನ ಹತ್ತಿರ ಲೋಬಾನವೂ ಬೇಡವೆಂದರು. ನನಗೆ, ಒಂದು ದಿನ ಗೊತ್ತುಮಾಡಿ ಅಂದೇ ಬಿಡಿ, ಮನೆಯಲ್ಲಿ ಒಂದೂ ಇಟ್ಟುಕೊಳ್ಳಬೇಡಿ ಎಂದರು. ಆಸೆ ಬಂದರೆ ಹತ್ತು ನಿಮಿಷ ತಡೆಯಿರಿ, ನೀರು ಕುಡಿಯಿರಿ, ಓಣಿಯಲ್ಲಿ ನಡೆದು ಬನ್ನಿ, ತಾನಾಗಿ ಇಳಿಯುತ್ತದೆ. ಮತ್ತೆ ಸೇದಿದರೆ ಸೋತೆ ಅನ್ನಬೇಡಿ, ಮರುದಿನ ಮತ್ತೆ ಬಿಡಿ. ಮುಖ್ಯ, ಮುಚ್ಚಿಡಬೇಡಿ ಎಂದರು.

ಬಾಯಲ್ಲಿ ಬಡೇಸೋಪು ಇಟ್ಟುಕೊಂಡು ಸಿಗರೇಟ್ ಬಿಟ್ಟೆ. ಮೂರನೇ ವಾರ ಒಮ್ಮೆ ಸೇದಿದೆ. ಮರುದಿನ ಹೋಗಿ ರೇಣುಕಾಳಿಗೆ ಹೇಳಿದೆ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ಒಳಗೆ ಹೋದಳು. ಆಮೇಲೆ ನಾನು ಮುಟ್ಟಿಲ್ಲ.

ಕೂಸು ಈಗ ಗುಂಡಗಿದೆ, ನಡೆಯುತ್ತದೆ. ನನ್ನನ್ನು ಕಂಡರೆ ಕೈಚಾಚುತ್ತದೆ. "ಕೈ ತೋರಸ್ರಿ ಅಮ್ಮಾರ" ಎನ್ನುತ್ತಾಳೆ ರೇಣುಕಾ. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ಉಗುರು ತೋರಿಸುತ್ತಿದ್ದ ಹುಡುಗಿಯಂತೆ ನಾನು ಎರಡೂ ಕೈ ಚಾಚುತ್ತೇನೆ. ಅವಳು ಬೆರಳು ಮೂಸಿ ನೋಡಿ, ಆಮೇಲೇ ಕೂಸನ್ನು ಕೊಡುತ್ತಾಳೆ. ದಿನಾಲೂ ನಾಚಿಕೆಯಾಗುತ್ತದೆ. ದಿನಾಲೂ ಹೋಗುತ್ತೇನೆ.